ಒಲ್ಲೆನೆಂದ ಅತಿಥಿಯ ಹಾಡು

ಹಬ್ಬದ ದಿನದ ಟಿ.ವಿ. ವಿಶೇಷ ಕಾರ್ಯಕ್ರಮ ಎಂದರೇನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಓಣಂ ಬಂತೆಂದರೆ ಮಲಯಾಳ ವಾಹಿನಿಗಳಲ್ಲಿ, ದೀಪಾವಳಿ ಬಂತೆಂದರೆ ಕನ್ನಡ ವಾಹಿನಿಗಳಲ್ಲಿ ಅದು ತಪ್ಪದೆ ಬರುತ್ತದೆ. ಹೂವಿನಿಂದ ಸಿಂಗರಿಸಿದ ಒಂದು ಮನೆ, ಅದರ ನಡುವೆ ಹೆಸರಾಂತ ಒಬ್ಬ ಯಜಮಾನ, ಬಾಗಿಲು ತಟ್ಟಿ ಒಳಗೆ ಬರುವ ಇನ್ನಷ್ಟು ಹೆಸರಾಂತ ಅತಿಥಿಗಳು. ಬಂದವರೆಲ್ಲ ನಗಬೇಕು, ಒಂದೆರಡು ಹಾಡಬೇಕು, ಹಬ್ಬದ ಶುಭಾಶಯ ಹೇಳಿ ಹೋಗಬೇಕು. ಮರುದಿನಕ್ಕೆ ಅದರ ಒಂದು ಮಾತೂ ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. ಆದ್ದರಿಂದಲೇ ಸಾಹಿತ್ಯ ವಿಮರ್ಶೆ ಬರೆಯುವವರು ಇಂಥವನ್ನು ಕೈಯಿಂದ ಮುಟ್ಟುವುದಿಲ್ಲ. ಆದರೂ ನಾನು ಈ ಬರಹಕ್ಕೆ ಅಂಥದೇ ಒಂದು ಕಾರ್ಯಕ್ರಮವನ್ನು ಆರಿಸಿಕೊಂಡಿದ್ದೇನೆ. ಅದು ನಮ್ಮ ಹಬ್ಬದ್ದಲ್ಲ, ನಮ್ಮ ನಾಡಿನದೂ ಅಲ್ಲ. 1977ರಲ್ಲಿ ಇಂಗ್ಲೆಂಡಿನಲ್ಲಿ ಚಿತ್ರಿತವಾದ, ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿಯ ಕ್ರಿಸ್ಮಸ್ ಕಾರ್ಯಕ್ರಮ ಅದು. 'ಮೆರ್ರಿ ಓಲ್ಡ್ ಕ್ರಿಸ್ಮಸ್' ಎಂದು ಅದರ ಹೆಸರು. ಇಡೀ ಕಾರ್ಯಕ್ರಮ ದೊಡ್ಡ ಕೃತಿಯೆಂದು ನಾನು ಹೇಳುವುದಿಲ್ಲ. ಅದರ ನಡುವಿನ ಕೆಲವೇ ನಿಮಿಷಗಳ ಒಂದು ಜೋಡಿಹಾಡಿನಲ್ಲಿ ನಡೆದುಹೋದ ಸಂಗತಿ ದೊಡ್ಡದು.

ಮೊದಲು ಯಜಮಾನನ ವಿಚಾರ. ಕ್ರಾಸ್ಬಿ ಹುಟ್ಟಿದ್ದು 1903ರಲ್ಲಿ. ದೊಡ್ಡ ಸಭಾಂಗಣದ ಕೊನೆಯ ಸಾಲಿಗೂ ಕೇಳುವಂತೆ ಗಂಟಲೆತ್ತಿ ಹಾಡುತ್ತಿದ್ದ ಕಾಲದಲ್ಲಿ, ಮೈಕ್ರೊಫೋನನ್ನು ಹತ್ತಿರ ಇಟ್ಟುಕೊಂಡು, ಎದುರಿಗೆ ಕೂತವನೊಡನೆ ಮಾತಾಡುವಂತೆ ಹಾಡುವ ಕ್ರಮವನ್ನು ಜನಪ್ರಿಯಗೊಳಿಸಿದವರಲ್ಲಿ ಅವನು ಮುಖ್ಯನು. ರೇಡಿಯೋ ಅವನ ಸ್ವರವನ್ನು ಮನೆಯ ಒಳಕೋಣೆಗೆ ಮುಟ್ಟಿಸಿತು. 1941ರ ಡಿಸೆಂಬರ್ 25ರಂದು ರೇಡಿಯೋದಲ್ಲಿ ಅವನು 'ವೈಟ್ ಕ್ರಿಸ್ಮಸ್' ಎಂಬ ಹೊಸ ಹಾಡನ್ನು ಹಾಡಿದನು. ಮರುವರ್ಷ 'ಹಾಲಿಡೇ ಇನ್' ಎಂಬ ಚಲನಚಿತ್ರದಲ್ಲಿ ಅದು ಬಂತು. ಮಹಾಯುದ್ಧದ ದಿನಗಳಲ್ಲಿ ಊರುಬಿಟ್ಟು ಹೋಗಿದ್ದ ಸೈನಿಕರಿಗೆ ಅದು ಮನೆಯ ನೆನಪಿನ ಹಾಡಾಯಿತು. ಅದರ ಮೂಲ ಮುದ್ರಣ ಬಳಸಿ ಬಳಸಿ ಸವೆದುಹೋಗಿ, 1947ರಲ್ಲಿ ಅವನು ಮತ್ತೊಮ್ಮೆ ಹಾಡಿ ಮುದ್ರಿಸಬೇಕಾಯಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಮೆರಿಕದವರಿಗೆ ತೀರಾ ತಮ್ಮದೆನಿಸಿದ ಈ ಕ್ರಿಸ್ಮಸ್ ಹಾಡನ್ನು ಬರೆದ ಇರ್ವಿಂಗ್ ಬರ್ಲಿನ್ ಕ್ರೈಸ್ತನಲ್ಲ. ಹಿಂದಿನ ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ವಲಸೆ ಬಂದ ಯೆಹೂದಿ. ಹಬ್ಬದ ಮನೆಯ ಕಂಬಗಳಲ್ಲಿ ಒಂದನ್ನು ಹೊರಗಿನಿಂದ ಬಂದವನೇ ನಿಲ್ಲಿಸಿದ್ದಾನೆ. ಮುಂದಿನ ಮಾತಿಗೆ ಇದು ಬೇಕಾಗುತ್ತದೆ.

1960ರ ದಶಕದಿಂದ ಈಚೆಗೆ ಕ್ರಾಸ್ಬಿಯ ಟಿ.ವಿ. ಕ್ರಿಸ್ಮಸ್ ಎಂಬುದು ಅಲ್ಲಿಯ ಮನೆಗಳಲ್ಲಿ ಒಂದು ರೂಢಿಯಾಗಿತ್ತು. ಕೊನೆಯ ವರ್ಷಗಳಲ್ಲಿ ಅವನ ಹೆಂಡತಿ ಕ್ಯಾಥರಿನ್, ಮಕ್ಕಳಾದ ಹ್ಯಾರಿ, ಮೇರಿ, ನಥಾನಿಯೆಲ್ ಕೂಡ ಅದರಲ್ಲಿ ಹಾಡುತ್ತಿದ್ದರು. 1977ರಲ್ಲಿ ಇಂಗ್ಲೆಂಡಿಗೆ ಬಂದಿದ್ದಾಗ ಲಂಡನಿನ ಬಳಿಯ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಆ ವರ್ಷದ ಕಾರ್ಯಕ್ರಮವನ್ನು ಚಿತ್ರಿಸಿದರು. ಕಥೆ ಎಂಬುದು ಹೆಸರಿಗೆ ಮಾತ್ರ. ಸರ್ ಪರ್ಸಿವಲ್ ಎಂಬ ದೂರದ ನಂಟನೊಬ್ಬ ತನ್ನ ಹಳೆಯ ಬಂಗಲೆಗೆ ಕ್ರಾಸ್ಬಿ ಸಂಸಾರವನ್ನು ಹಬ್ಬಕ್ಕೆ ಕರೆದಿದ್ದಾನೆ. ಅಲ್ಲಿಗೆ ಒಬ್ಬೊಬ್ಬರಾಗಿ ಅತಿಥಿಗಳು ಬರುತ್ತಾರೆ. 1960ರ ದಶಕದ ಪ್ರಸಿದ್ಧ ರೂಪದರ್ಶಿ ಟ್ವಿಗಿ ಬಂದು ಕ್ರಾಸ್ಬಿಯ ಜೊತೆ ಹಾಡುತ್ತಾಳೆ. 'ಆಲಿವರ್' ಚಿತ್ರದಲ್ಲಿ ಫೇಗಿನ್ ಆಗಿ ಹೆಸರು ಪಡೆದ ರಾನ್ ಮೂಡಿ ಇದ್ದಾನೆ, ಸ್ಕಾಟ್ಲೆಂಡಿನ ಹಾಸ್ಯನಟ ಸ್ಟಾನ್ಲಿ ಬ್ಯಾಕ್ಸ್ಟರ್ ಇದ್ದಾನೆ, ಟ್ರಿನಿಟಿ ಶಾಲೆಯ ಹುಡುಗರ ಗಾಯಕ ತಂಡವಿದೆ.

ಇದರ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯಾಗದು. ಹಾಸ್ಯವೆಂದು ಬರೆದದ್ದರಲ್ಲಿ ಹೆಚ್ಚಿನದು ಹಳಸಿದೆ. ಇಂಗ್ಲೆಂಡ್ ಎಂದರೆ ಬಂಗಲೆ, ಬಟ್ಲರ್ ಮತ್ತು ಚಾರ್ಲ್ಸ್ ಡಿಕನ್ಸ್ ಎಂದು ತಿಳಿದ ಅಮೆರಿಕದ ಪ್ರೇಕ್ಷಕನಿಗಾಗಿ ಬರೆದ ಮಾತುಗಳವು. ಹಬ್ಬವೂ ಸುಳ್ಳು. ಚಿತ್ರೀಕರಣ ನಡೆದದ್ದು ಸೆಪ್ಟೆಂಬರಿನಲ್ಲಿ. ಗೋಡೆ ಹಲಗೆಯದು, ಚಳಿಗಾಲ ಬಣ್ಣದ್ದು. ಒಂದು ಹಾಡಿಗೂ ಮುಂದಿನ ಹಾಡಿಗೂ ನಡುವೆ ಇರುವ ಸಂಬಂಧ, ಮದುವೆ ಆಲ್ಬಮಿನ ಒಂದು ಫೋಟೋಕ್ಕೂ ಮುಂದಿನದಕ್ಕೂ ಇರುವಷ್ಟೇ. ಇವೆಲ್ಲವೂ ನಿಜ. ಆದರೆ ನಮ್ಮ ಬಯಲಾಟದ ರಂಗಸ್ಥಳದಲ್ಲೂ ಒಂದು ರಥದ ಹಲಗೆಯೇ ಸಿಂಹಾಸನವಾಗುತ್ತದಲ್ಲ! ಸುಳ್ಳು ಸಾಮಗ್ರಿಯಿಂದ ನಿಜವಾದ ಒಂದು ಕ್ಷಣ ಹುಟ್ಟೀತೇ ಎಂಬುದೇ ಕೇಳಬೇಕಾದ ಪ್ರಶ್ನೆ. ಇಲ್ಲಿ ಹುಟ್ಟಿದೆ, ಅದೂ ಒಂದೇ ಸಲ.

ಆ ಕ್ಷಣಕ್ಕೆ ಕಾರಣನಾದ ಅತಿಥಿ ಡೇವಿಡ್ ಬೋವಿ. ಅವನಿಗೆ ಆಗ 30 ವರ್ಷ, ಕ್ರಾಸ್ಬಿಗೆ 74. 1972ರಲ್ಲಿ ಬೋವಿ 'ಝಿಗಿ ಸ್ಟಾರ್‌ಡಸ್ಟ್' ಎಂಬ ಅನ್ಯಗ್ರಹದ ಪಾತ್ರವನ್ನು ತಾನೇ ಕಟ್ಟಿ, ಕೆಂಪು ಕೂದಲು ಹಾಗೂ ಮುಖಬಣ್ಣದೊಂದಿಗೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ವೇಷದಲ್ಲಿ ರಂಗವೇರಿದ್ದನು. ಮತ್ತೆ ಆ ವೇಷವನ್ನು ಕಳಚಿ ಬೇರೆ ವೇಷ ತೊಟ್ಟನು. 1977ರಲ್ಲಿ ಗೋಡೆಯಿಂದ ಎರಡಾಗಿದ್ದ ಬರ್ಲಿನ್ ನಗರದಲ್ಲಿ ವಾಸವಾಗಿದ್ದು, ಆ ಗೋಡೆಯ ಬದಿಯಲ್ಲಿ ಭೇಟಿಯಾಗುವ ಇಬ್ಬರು ಪ್ರೇಮಿಗಳ ಬಗ್ಗೆ 'ಹೀರೋಸ್' ಎಂಬ ಹಾಡನ್ನು ಬರೆದು ತಂದಿದ್ದನು. ಇಂಥವನು ಕ್ರಾಸ್ಬಿಯ ಹಬ್ಬದ ಮನೆಗೆ ಯಾಕೆ ಒಪ್ಪಿ ಬಂದ? ತನ್ನ ತಾಯಿಗೆ ಕ್ರಾಸ್ಬಿ ಎಂದರೆ ಇಷ್ಟ ಎಂಬ ಕಾರಣವನ್ನು ಅವನು ಮುಂದೆ ಹೇಳಿದ್ದುಂಟು. ಹೊಸ ಹಾಡಿಗೆ ಪ್ರಚಾರವೂ ಬೇಕಿತ್ತು. ಎರಡರಲ್ಲೂ ತಪ್ಪಿಲ್ಲ.

ಅವನು ಸ್ಟುಡಿಯೋಕ್ಕೆ ಬಂದ ದಿನದ ನೋಟವನ್ನು ಕ್ರಾಸ್ಬಿಯ ಮಕ್ಕಳು ಬಹಳ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ. ಕೆಂಪು ಕೂದಲು, ಮುಖದ ತುಂಬ ಬಣ್ಣ, ತುಟಿಗೆ ರಂಗು, ಕಿವಿಯಲ್ಲಿ ಓಲೆ. ತುಟಿಯ ರಂಗು ಒರೆಸಬೇಕು, ಓಲೆ ತೆಗೆಯಬೇಕು ಎಂದು ನಿರ್ಮಾಪಕರು ಹೇಳಿದರಂತೆ. ಅವನು ಒಪ್ಪಿದನು. ಪರದೆಯ ಮೇಲೆ ನಮಗೆ ಕಾಣುವುದು ಸಾದಾ ಕೋಟು ತೊಟ್ಟ, ಕುತ್ತಿಗೆಯಲ್ಲಿ ಶಿಲುಬೆ ಇಳಿಬಿಟ್ಟ, ಅಕ್ಕಪಕ್ಕದ ಮನೆಯ ಹುಡುಗ. ಆದರೆ ಹಾಡಿನ ಮಾತು ಬಂದಾಗ ಅವನು ಒಪ್ಪಲಿಲ್ಲ. ಇಬ್ಬರೂ ಸೇರಿ 'ಲಿಟಲ್ ಡ್ರಮ್ಮರ್ ಬಾಯ್' ಹಾಡಬೇಕೆಂದು ನಿರ್ಧಾರವಾಗಿತ್ತು. ಅಮೆರಿಕದ ಸಂಗೀತ ಶಿಕ್ಷಕಿ ಕ್ಯಾಥರಿನ್ ಡೇವಿಸ್ 1941ರಲ್ಲಿ ಬರೆದ ಹಾಡು ಅದು. ಶಿಶು ಏಸುವಿಗೆ ಕಾಣಿಕೆ ಕೊಡಲು ಏನೂ ಇಲ್ಲದ ಬಡಹುಡುಗನೊಬ್ಬ ತನ್ನ ಚರ್ಮವಾದ್ಯವನ್ನೇ ನುಡಿಸುವ ಕಥೆ. ಈ ಹಾಡು ನನಗೆ ಸೇರದು, ಹಾಡಲು ಬೇರೆ ಏನಾದರೂ ಇದೆಯೇ ಎಂದು ಬೋವಿ ಕೇಳಿದನು. ಅಂದರೆ ಮೈಮೇಲಿನದನ್ನು ಬಿಟ್ಟುಕೊಟ್ಟವನು ಸ್ವರವನ್ನು ಬಿಟ್ಟುಕೊಡಲಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಈ ತಾರತಮ್ಯ ಜ್ಞಾನ ಅತಿಥಿಯಾಗಿ ಹೋದ ಎಲ್ಲರಿಗೂ ಇರುವುದಿಲ್ಲ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡೇ ದಾರಿ ಕಾಣುತ್ತವೆ. ಹಾಡುವುದಾದರೆ ಇದನ್ನೇ ಹಾಡು, ಇಲ್ಲವಾದರೆ ಹೋಗು. ಇಲ್ಲವೇ, ದೊಡ್ಡ ಅತಿಥಿಯಲ್ಲವೇ, ಹಳೆಯ ಹಾಡನ್ನೇ ಕೈಬಿಡೋಣ. ಅಲ್ಲಿದ್ದ ಮೂವರು ಮೂರನೆಯ ದಾರಿ ಹಿಡಿದರು. ಸಂಗೀತದ ಇಯಾನ್ ಫ್ರೇಸರ್, ಲ್ಯಾರಿ ಗ್ರಾಸ್ಮನ್, ಸಂಭಾಷಣೆ ಬರೆಯುತ್ತಿದ್ದ ಬಝ್ ಕೋಹನ್ ಸ್ಟುಡಿಯೋದ ನೆಲಮಾಳಿಗೆಯಲ್ಲಿ ಒಂದು ಪಿಯಾನೋ ಹುಡುಕಿ ಕೂತರು. ಸುಮಾರು 75 ನಿಮಿಷಗಳಲ್ಲಿ 'ಪೀಸ್ ಆನ್ ಅರ್ಥ್' ಎಂಬ ಹೊಸ ಹಾಡನ್ನು ಬರೆದರು. ಹಳೆಯ ಹಾಡಿನ ಬದಲಿಗೆ ಹಾಡಲು ಬರೆದದ್ದಲ್ಲ ಅದು. ಹಳೆಯದು ನಡೆಯುತ್ತಿರುವಾಗಲೇ ಅದರ ಮೇಲೆ ಹಾಡಲು ಬರೆದದ್ದು. ಗಾಯಕರಿಬ್ಬರೂ ಒಂದು ಗಂಟೆಗೂ ಕಡಿಮೆ ಹೊತ್ತು ಅಭ್ಯಾಸ ಮಾಡಿ ಹಾಡಿದರು. ಈ ಮೂವರೂ ಆ ದೃಶ್ಯದಲ್ಲಿ ಎಲ್ಲೂ ಕಾಣಿಸುವುದಿಲ್ಲ.

ಈಗ ದೃಶ್ಯಕ್ಕೆ ಬರೋಣ. ಕರೆಗಂಟೆ ಆಗುತ್ತದೆ, ಕ್ರಾಸ್ಬಿ ಬಾಗಿಲು ತೆರೆಯುತ್ತಾನೆ. ತಾನು ಇದೇ ಬೀದಿಯವನು, ಸರ್ ಪರ್ಸಿವಲ್ ತನಗೆ ಪಿಯಾನೋ ನುಡಿಸಲು ಬಿಡುತ್ತಾನೆ ಎಂದು ಬೋವಿ ಹೇಳುತ್ತಾನೆ. ಹಳಬರ ಹಾಡು ಕೇಳುವುದುಂಟೇ ಎಂದು ಕ್ರಾಸ್ಬಿ ಕೇಳಿದರೆ, ಬೋವಿ ಜಾನ್ ಲೆನನ್, ಹ್ಯಾರಿ ನಿಲ್ಸನ್ ಹೆಸರು ಹೇಳುತ್ತಾನೆ. ಓಹೋ, ಅಷ್ಟು ಹಿಂದಕ್ಕೆ ಹೋಗುತ್ತೀಯಾ ಎಂಬ ಅರ್ಥದಲ್ಲಿ ಮುದುಕ ಅಚ್ಚರಿ ನಟಿಸುತ್ತಾನೆ. ಇಡೀ ಕಾರ್ಯಕ್ರಮದಲ್ಲಿ ಹಳಸದೆ ಉಳಿದ ಕೆಲವೇ ಹಾಸ್ಯಗಳಲ್ಲಿ ಇದೊಂದು. ಇಬ್ಬರೂ ಪಿಯಾನೋದ ಬಳಿ ಬಂದು ಚರ್ಮವಾದ್ಯದ ಹುಡುಗನ ಹಾಡನ್ನು ತೊಡಗುತ್ತಾರೆ. ಅನಂತರ ಬೋವಿ ಬದಿಗೆ ಸರಿಯುತ್ತಾನೆ. ಕ್ರಾಸ್ಬಿ ಹಳೆಯ ಹಾಡನ್ನು ತನ್ನ ತಗ್ಗಿನ ಸ್ವರದಲ್ಲಿ ವಾದ್ಯದ ಹೆಜ್ಜೆಯಂತೆ ಸಮನಾಗಿ ಇಡುತ್ತ ಹೋಗುತ್ತಾನೆ; ಅದರ ಮೇಲೆ ಬೋವಿ ಶಾಂತಿಯನ್ನು ಕೋರುವ ಹೊಸ ಹಾಡನ್ನು ಉದ್ದುದ್ದ ಎಳೆಯುತ್ತಾನೆ. ನಡುವೆ ಒಂದು ಭಾಗದಲ್ಲಿ ಇಬ್ಬರೂ ಒಂದೇ ಮಾತಿಗೆ ಬಂದು ಕೂಡುತ್ತಾರೆ. ಮತ್ತೆ ಬೇರೆಯಾಗಿ ತಮ್ಮ ತಮ್ಮ ಹಾಡಿಗೆ ಮರಳುತ್ತಾರೆ.

ನಮ್ಮ ಕಿವಿಗೆ ಇದು ಹೊಸತು. ಯಕ್ಷಗಾನದಲ್ಲಿ ಭಾಗವತರು ಒಂದು ಪದ ಎತ್ತಿದರೆ ಚೆಂಡೆ ಮದ್ದಳೆಗಳೆಲ್ಲ ಅದೇ ಪದವನ್ನು ಹಿಂಬಾಲಿಸುತ್ತವೆ. ಒಂದೇ ಹೊತ್ತಿಗೆ ಎರಡು ಹಾಡು ಎಂದರೆ ನಮಗೆ ನೆನಪಾಗುವುದು ಎದುರುಬದುರು ಎರಡು ಮದುವೆ ಮನೆಗಳ ಮೈಕು. ಅಲ್ಲಿ ಒಂದು ಇನ್ನೊಂದನ್ನು ಮುಚ್ಚಲು ನೋಡುತ್ತದೆ, ಕೊನೆಗೆ ಎರಡೂ ಕೇಳಿಸುವುದಿಲ್ಲ. ಇಲ್ಲಿ ಹಾಗಾಗದಿರಲು ಕಾರಣ ಸರಳ. ಶ್ರುತಿ ಒಂದು, ತಾಳ ಒಂದು. ಹಳೆಯ ಹಾಡು ಸ್ವರದಿಂದ ಸ್ವರಕ್ಕೆ ಹೆಜ್ಜೆ ಇಡುವಾಗ ಹೊಸದು ಒಂದೇ ಸ್ವರದಲ್ಲಿ ನಿಲ್ಲುತ್ತದೆ. ಹಳೆಯದು ನಿಂತಲ್ಲಿ ಹೊಸದು ಚಲಿಸುತ್ತದೆ. ಒಬ್ಬರ ಬಿಡುವಿನಲ್ಲಿ ಇನ್ನೊಬ್ಬರಿಗೆ ಜಾಗ. ಇಂಥದನ್ನು ಬರೆಯಬೇಕಾದರೆ ಹಳೆಯ ಹಾಡಿನ ಉಸಿರು ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದು ಹೊಸದನ್ನು ಬರೆಯುವವನಿಗೆ ಬಾಯಿಪಾಠವಾಗಿರಬೇಕು.

ಈ ಜೋಡಿಹಾಡನ್ನು ಮೆಚ್ಚುವವರು ಸಾಮಾನ್ಯವಾಗಿ ಹೇಳುವ ಮಾತು, ಎರಡು ತಲೆಮಾರುಗಳು ಇಲ್ಲಿ ಒಂದಾದವು ಎಂದು. ನನಗೆ ಹಾಗೆ ತೋರುವುದಿಲ್ಲ. ಒಂದಾಗಿದ್ದರೆ ಒಂದೇ ಹಾಡು ಸಾಕಾಗಿತ್ತು. ಅವರು ಒಂದಾಗಲಿಲ್ಲ ಎಂಬುದೇ ಈ ಹಾಡಿನ ಸತ್ವ. ಮೂಗುಮುರಿಯುವವರು ಹೇಳುವುದು, ಇಬ್ಬರಿಗೂ ಲಾಭವಿತ್ತು, ಅಷ್ಟೇ ಎಂದು. ಲಾಭವಿದ್ದದ್ದು ನಿಜ. ಲಾಭಕ್ಕೇ ಆಗಿದ್ದರೆ ಬೋವಿ ಕೊಟ್ಟ ಹಾಡನ್ನು ಹಾಡಿ, ಹಣ ಪಡೆದು ಹೋಗಬಹುದಿತ್ತು. 'ಒಲ್ಲೆ' ಎನ್ನುವ ಅಗತ್ಯವಿರಲಿಲ್ಲ.

ಇನ್ನೊಂದು ಆಕ್ಷೇಪ ನನ್ನದೇ ಆಗಿತ್ತು. ಹೊಸ ಹಾಡು ಹಳೆಯದರ ಅಳತೆಗೆ ಹೊಲಿದದ್ದು. ಹಳೆಯದು ಒಂದು ಸ್ವರವನ್ನೂ ಬದಲಿಸಿಕೊಳ್ಳಲಿಲ್ಲ. ಹಾಗಾದರೆ ಹೊಂದಿಕೊಂಡವನು ಅತಿಥಿಯೇ ಅಲ್ಲವೇ? ಮತ್ತೆ ಮತ್ತೆ ಕೇಳಿದಾಗ ಈ ಆಕ್ಷೇಪ ಅರ್ಧ ಮಾತ್ರ ಉಳಿಯಿತು. ಅಳತೆ ಹಳೆಯದರದು ಹೌದು. ಆದರೆ ಹೊಸ ಹಾಡು ತೊಡಗಿದ ಕೂಡಲೇ ನಮ್ಮ ಕಿವಿ ಹೋಗುವುದು ಅದರ ಕಡೆಗೆ. ಹಳೆಯದು ಆಧಾರವಾಗಿ ಕೆಳಗೆ ಉಳಿಯುತ್ತದೆ, ಉಳಿಯಲು ಒಪ್ಪುತ್ತದೆ. ಹಬ್ಬವೇ ತನ್ನದಾಗಿದ್ದ ಕ್ರಾಸ್ಬಿ ತನ್ನ ಮನೆಯಲ್ಲೇ ಎರಡನೆಯ ಸ್ವರವಾಗುತ್ತಾನೆ. ಅವನ ಮುಖದಲ್ಲಿ ಅದರ ಬಗ್ಗೆ ಕೊರತೆಯ ಸುಳಿವೇ ಇಲ್ಲ. ಯಜಮಾನನ ಔದಾರ್ಯ ಕಾಣುವುದು ಬಾಗಿಲು ತೆರೆದದ್ದರಲ್ಲಲ್ಲ, ಇದರಲ್ಲಿ.

ಇದನ್ನು ಅದೇ ಕಾರ್ಯಕ್ರಮದ ಇನ್ನೊಂದು ಭಾಗದೊಡನೆ ಹೋಲಿಸಿ ನೋಡಬೇಕು. ಬೋವಿಯ 'ಹೀರೋಸ್' ಹಾಡಿಗೂ ಅಲ್ಲಿ ಜಾಗವಿದೆ. ಕ್ರಾಸ್ಬಿ ಅದನ್ನು ಪರಿಚಯಿಸುತ್ತಾನೆ, ಬೋವಿ ಒಬ್ಬನೇ ಹಾಡುತ್ತಾನೆ, ಮುಗಿಯುತ್ತದೆ. ಹಾಡಿನ ಬಲ ನೋಡಿದರೆ 'ಹೀರೋಸ್' 'ಪೀಸ್ ಆನ್ ಅರ್ಥ್'ಗಿಂತ ಎಷ್ಟೋ ಮೇಲಿನದು. ಆದರೆ ಆ ಬಂಗಲೆಯಲ್ಲಿ ಅದು ಕೂಡಿಕೊಳ್ಳುವುದಿಲ್ಲ. ಜಾಗ ಕೊಟ್ಟಿದ್ದಾರೆ, ಸಂಬಂಧ ಕೊಟ್ಟಿಲ್ಲ. ಅದನ್ನು ಕತ್ತರಿಸಿ ತೆಗೆದರೂ ಉಳಿದ ಕಾರ್ಯಕ್ರಮಕ್ಕೆ ನೋವಾಗದು. ಜೋಡಿಹಾಡಿನಿಂದ ಒಂದು ಸ್ವರ ತೆಗೆದರೆ ಇನ್ನೊಂದು ಬಡವಾಗುತ್ತದೆ. ಪಕ್ಕದಲ್ಲಿ ಇಡುವುದು ಬೇರೆ, ಕೂಡಿಸಿ ಹೊಸೆಯುವುದು ಬೇರೆ.

ಚಿತ್ರೀಕರಣ ಮುಗಿಸಿ ಸ್ಪೇನಿಗೆ ಹೋದ ಕ್ರಾಸ್ಬಿ ಅಕ್ಟೋಬರ್ 14ರಂದು ಮ್ಯಾಡ್ರಿಡ್ ಬಳಿ ಗಾಲ್ಫ್ ಆಟ ಮುಗಿಸಿದ ಹೊತ್ತಿನಲ್ಲಿ ಕುಸಿದು ತೀರಿಕೊಂಡನು. ಕಾರ್ಯಕ್ರಮ ಅಮೆರಿಕದಲ್ಲಿ ಪ್ರಸಾರವಾದದ್ದು ನವೆಂಬರ್ 30ರಂದು, ಬ್ರಿಟನ್ನಿನಲ್ಲಿ ಡಿಸೆಂಬರ್ 24ರಂದು. ಕೊನೆಯಲ್ಲಿ ಅವನು 'ವೈಟ್ ಕ್ರಿಸ್ಮಸ್' ಹಾಡುವಾಗ, ಹಾಡುವವನು ಇಲ್ಲವೆಂದು ನೋಡುವವರಿಗೆಲ್ಲ ತಿಳಿದಿತ್ತು. ಸುಳ್ಳು ಬಂಗಲೆಯ ಸುಳ್ಳು ಹಬ್ಬಕ್ಕೆ ಮರಣ ಒಂದು ನಿಜದ ತೂಕ ಕೊಟ್ಟಿತು; ಅದನ್ನು ಕಾರ್ಯಕ್ರಮದ ಗುಣವೆಂದು ಲೆಕ್ಕಹಾಕಬಾರದು. ಜೋಡಿಹಾಡಿಗೆ ಆ ತೂಕದ ಹಂಗಿಲ್ಲ. 1982ರಲ್ಲಿ ಅದು ಧ್ವನಿಮುದ್ರಿಕೆಯಾಗಿ ಬಂದಾಗ ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. 2016ರ ಜನವರಿಯಲ್ಲಿ ಬೋವಿಯೂ ತೀರಿಕೊಂಡನು. ಹಾಡು ಡಿಸೆಂಬರ್ ಬಂತೆಂದರೆ ಇನ್ನೂ ಕೇಳಿಸುತ್ತದೆ.

ಎಲ್ಲಿಯದೋ ಹಬ್ಬದ ಹಾಡಿಗೆ ನಮ್ಮ ವಾರ್ಷಿಕದ ಪುಟಗಳೇಕೆ ಎಂದು ಕೇಳುವವರಿಗೆ ಎರಡು ಉತ್ತರಗಳಿವೆ. ಕ್ರಿಸ್ತನ ಕಥೆ ಇಲ್ಲಿಯ ಕನ್ನಡಕ್ಕೆ ಹೊರಗಿನದಲ್ಲ. 'ಗೊಲ್ಗೊಥಾ' ಬರೆದ ಗೋವಿಂದ ಪೈಗಳು ಮಂಜೇಶ್ವರದವರು. ಎರಡನೆಯ ಉತ್ತರ ಮನೆಯದು. ಕಳೆದ ಡಿಸೆಂಬರಿನಲ್ಲಿ ಮಗಳ ಶಾಲೆಯಲ್ಲಿ ಕ್ರಿಸ್ಮಸ್ ಆಚರಣೆಗೆ ತರಗತಿಯವರೆಲ್ಲ ಸೇರಿ ಒಂದು ಮಲಯಾಳ ಹಾಡು ಹಾಡುವುದೆಂದಾಯಿತು. ಅವಳು ಮನೆಗೆ ಬಂದು, "ಅಪ್ಪಾ, ನಂಗೆ ಮಲಯಾಳ ಬರುದಿಲ್ಲ ಅಂತ ಅಲ್ಲ. ಆ ಹಾಡು ನನ್ನ ಸ್ವರಕ್ಕೆ ಕೂಡುದಿಲ್ಲ. ಅಜ್ಜಿ ಕಲಿಸಿದ್ದು ಒಂದು ಹಾಡ್ತೇನೆ ಅಂದೆ. ಎಲ್ಲರಿಗೂ ಒಂದೇ ಹಾಡು ಅಂತ ಹೇಳಿದ್ರು" ಎಂದಳು. ಟೀಚರು ಕೆಟ್ಟವರಲ್ಲ; ನಲವತ್ತು ಮಕ್ಕಳನ್ನು ನಿಲ್ಲಿಸಿ ಹಾಡಿಸುವ ಕಷ್ಟ ಅವರಿಗೇ ಗೊತ್ತು. ನಾನು ಏನು ಹೇಳಿದೆ? "ಎಲ್ಲರೂ ಹಾಡುದನ್ನೇ ಹಾಡು ಮಗಾ, ಇಲ್ಲದಿದ್ರೆ ಸುಮ್ಮನೆ ಕೂತ್ಕೋ" ಎಂದೆ. ಅವಳು ಕೂತಳು. ದಿನವಿಡೀ ಬ್ಯಾಂಕಿನ ಕೌಂಟರಿನಲ್ಲಿ ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ, ಮಲಯಾಳದಲ್ಲಿ ಕೇಳಿದವರಿಗೆ ಮಲಯಾಳದಲ್ಲಿ ಉತ್ತರ ಕೊಡುವ ನನಗೆ ಆ ಹೊತ್ತಿಗೆ ಕಂಡದ್ದು ಎರಡೇ ದಾರಿ. 1956ರಿಂದ ಈಚೆಗೆ ನಮಗೆ ಇತರರು ತೋರಿಸಿದ್ದೂ, ನಾವು ನಮ್ಮ ಮಕ್ಕಳಿಗೆ ತೋರಿಸಿದ್ದೂ ಅವೆರಡನ್ನೇ. ಪಿಯಾನೋ ಹುಡುಕಿ ನೆಲಮಾಳಿಗೆಗೆ ಇಳಿಯುವವನು ನಾನೂ ಆಗಲಿಲ್ಲ.

ಕೊನೆಗೆ ನಮ್ಮ ಈ ವಾರ್ಷಿಕದ ಬಗ್ಗೆಯೇ ಒಂದು ಮಾತು. ಇದರ ಒಂದು ಪಾಲು ಕನ್ನಡ, ಒಂದು ಪಾಲು ಮಲಯಾಳ. ಕನ್ನಡದವರು ಕನ್ನಡದ ಪುಟಗಳನ್ನು ಓದಿ ಮಡಚಿಡುತ್ತೇವೆ. ಮಲಯಾಳದವರೂ ಹಾಗೆಯೇ ಮಾಡುತ್ತಾರೆಂದು ನನ್ನ ಊಹೆ. ಹಾಗಾದರೆ ನಾವು ಮಾಡುತ್ತಿರುವುದು ಜೋಡಿಹಾಡಲ್ಲ, ಆ ಬಂಗಲೆಯಲ್ಲಿ 'ಹೀರೋಸ್'ಗೆ ಜಾಗ ಕೊಟ್ಟಂತೆ ಜಾಗ ಕೊಡುವುದು ಮಾತ್ರ. ಅದೂ ಸಣ್ಣದಲ್ಲ, ಜಾಗವೂ ಇಲ್ಲದ ಕಡೆಗಳು ಬೇಕಾದಷ್ಟಿವೆ. ಆದರೆ ಸಾಲದು. ಆಚೆಯ ಪಾಲಿನ ಕವಿತೆಯೊಂದು ಎಲ್ಲಿ ಉಸಿರು ನಿಲ್ಲಿಸುತ್ತದೆಂದು ತಿಳಿದು, ಅಲ್ಲಿ ತನ್ನ ಮಾತನ್ನು ತೊಡಗುವ ಕವಿತೆ ಈಚೆಯ ಪಾಲಿನಲ್ಲಿ ಬರಬೇಕು. ಆಚೆಯವರೂ ಹಾಗೆ ಬರೆಯಬೇಕು. ಅದಕ್ಕೆ ಎರಡು ಭಾಷೆಯನ್ನೂ ಬಲ್ಲವರು ನಮ್ಮ ಮನೆಗಳಲ್ಲೇ ಇದ್ದಾರೆ. ನನ್ನ ಮನೆಯಲ್ಲಿ ಒಬ್ಬಳಿದ್ದಾಳೆ. ಈ ಡಿಸೆಂಬರಿನಲ್ಲಿ ಅವಳು ಮತ್ತೆ 'ಒಲ್ಲೆ' ಎಂದರೆ, ಮೊದಲು ಆ ಮಲಯಾಳ ಹಾಡನ್ನು ನನಗೊಮ್ಮೆ ಹಾಡಿ ಕೇಳಿಸೆಂದು ಹೇಳಬೇಕೆಂದಿದ್ದೇನೆ. ಅಜ್ಜಿಯ ಹಾಡು ಅದರ ತಾಳಕ್ಕೆ ಕೂಡುತ್ತದೋ ಇಲ್ಲವೋ, ಇಬ್ಬರೂ ಕೂತು ನೋಡುತ್ತೇವೆ.